ಅಜ್ಜಿ ಮೀನಿನ ಗುಳ್ಳೆ

ಗಾದೆ ಸುಳ್ಳಾದರೂ ಗುಳ್ಳೆ ಸುಳ್ಳಾಗದು.

ಹಿರಿಯರು ಹೀಗೆ ಹೇಳಿಲ್ಲ, ಗೊತ್ತು. ಹೇಳಿದ್ದು ಅಳಿಯ. ಅವನ ಬಾಯಿಗೆ ಬಿದ್ದ ಯಾವ ಗಾದೆಯೂ ಹೋದ ಹಾಗೇ ಹೊರಗೆ ಬಂದದ್ದಿಲ್ಲ. ಆದರೆ ಅವನು ಜೀವಮಾನದಲ್ಲಿ ಹೇಳಿದ ಕಥೆಗಳಲ್ಲಿ ಇದೊಂದು ಮಾತ್ರ ಅಪ್ಪಟ ನಿಜ. ಹೆಂಡತಿಯ ಮೇಲೆ ಆಣೆ ಮಾಡಿದರೆ ನಂಬುವುದು ಬಿಡುವುದು ನಿಮ್ಮಿಷ್ಟ. ಹೆಂಡತಿಯ ತಾಯಿಯ ಮೇಲೆ ಆಣೆ ಮಾಡಿದರೆ ನಂಬಲೇಬೇಕು. ಅದರಲ್ಲೂ ಆ ತಾಯಿ ಪತ್ತೇದಾರಿಕೆ ಮಾಡುವವರಾಗಿ, ಪಕ್ಕದಲ್ಲೇ ನಿಂತಿರುವಾಗ.

ಪಕ್ಕದಲ್ಲೇ ನಿಂತಿದ್ದ ಅತ್ತೆ ಒಂದು ಗಾಜಿನ ಬುರುಡೆಯನ್ನು ದಿಟ್ಟಿಸುತ್ತಿದ್ದರು. ಸಂಶೋಧನಾ ವಿದ್ಯಾರ್ಥಿನಿ ಗುಬ್ಬಿ ಲೋಕಕ್ಕೆ ತೋರಿಸಿದ್ದು ಗಾಜಿನ ಬುರುಡೆಯೋ, ಬಿಟ್ಟದ್ದು ಬಾಯಿ ಬುರುಡೆಯೋ ಎಂದು ತೀರ್ಮಾನಿಸಲು ವಿಚಾರಣಾ ಸಮಿತಿ ಆ ಸಂಜೆಯೇ ಸೇರಲಿತ್ತು. ಬಾಯಿ ಬುರುಡೆ ಎಂದಾದರೆ ಅವಳ ಪದವಿ ಹೋಯಿತು, ಹೆಸರು ಹೋಯಿತು. ಯಾವ ಪ್ರಯೋಗಾಲಯದ ಬಾಗಿಲೂ ಅವಳಿಗೆ ಮತ್ತೆ ತೆರೆಯುವುದಿಲ್ಲ.

ಬುರುಡೆಯಲ್ಲಿ ನೀರಿನಂಥ ದ್ರವ. ಅದರ ಕತ್ತಿನಿಂದ ಹೊರಟ ಕೊಳವೆ, ನೀರು ತುಂಬಿ ತಲೆಕೆಳಗಾಗಿ ನಿಲ್ಲಿಸಿದ ಉದ್ದನೆಯ ಗಾಜಿನ ಸಿಲಿಂಡರಿನೊಳಕ್ಕೆ ತೂರಿತ್ತು. ದ್ರವ ಜಲಜನಕ ಬಿಟ್ಟರೆ ಗುಳ್ಳೆ ಏರಬೇಕು, ನೀರು ಇಳಿಯಬೇಕು.

ಏರುವುದು ಏರಲಿಲ್ಲ. ಇಳಿಯುವುದು ಇಳಿಯಲಿಲ್ಲ.

"ಎಲ್ಲಾ ಗುಳ್ಳೆ ಬಂದ ಅವತ್ತಿನ ಹಾಗೇನಾ?" ಅತ್ತೆ ಕೇಳಿದರು.

"ಎಲ್ಲಾ ಅವತ್ತಿನ ಹಾಗೇ ಮೇಡಂ," ಎಂದಳು ಗುಬ್ಬಿ.

ಅತ್ತೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದ ಕಾಲದ ಶಿಷ್ಯೆ ಈ ಗುಬ್ಬಿ. ಹೆಸರಿಗೆ ತಕ್ಕ ಪುಟ್ಟ ಮೈ, ಎರಡು ಕಡೆ ಕ್ಲಿಪ್ಪು ಸಿಕ್ಕಿಸಿದರೂ ಹಾರುವ ಕೂದಲು. ನಿವೃತ್ತಿಯಾದ ಮೇಷ್ಟರಮ್ಮ ಪತ್ತೇದಾರಿಕೆಗೆ ಇಳಿದಿದ್ದಾರೆಂದು ಎಲ್ಲಿಂದಲೋ ಕೇಳಿ, ಅಳುತ್ತಾ ಹುಡುಕಿಕೊಂಡು ಬಂದವಳು ಅವಳೇ.

ಅಳಿಯನ ಕಸುಬು ಬೇರೆ. ರೇಡಿಯೋ ಜಾಹೀರಾತುಗಳಲ್ಲಿ ಅಜ್ಜನಿಂದ ಹಿಡಿದು ಆಕಳಿನವರೆಗೆ ಎಲ್ಲರ ದನಿಯೂ ಅವನದೇ. ಕೆಲಸವಿಲ್ಲದ ದಿನ ಅತ್ತೆಯ ಕಾರು ಓಡಿಸುತ್ತಿದ್ದ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಅಳಿಯನಿಗೆ ಮಾತ್ರ ಎರಡು ಕಾಲು, ಎರಡೂ ಓಡುವುದಕ್ಕೇ ಎಂಬುದು ಅವನ ಇನ್ನೊಂದು ಗಾದೆ.

ಕೋಟಿಲ್ಲದೆ ಒಳಗೆ ಬರಕೂಡದು ಎಂಬ ಫಲಕ ಕಂಡದ್ದೇ ತಡ, ಬಾಗಿಲ ಹಿಂದಿನ ಮೊಳೆಗಳಲ್ಲಿ ನೇತಾಡುತ್ತಿದ್ದ ಬಿಳಿ ಕೋಟುಗಳಲ್ಲಿ ಕೈಗೆ ಸಿಕ್ಕಿದ್ದನ್ನು ಎಳೆದು ತೊಟ್ಟುಬಿಟ್ಟಿದ್ದ. ತೋಳು ಮೊಣಕೈ ದಾಟಿ ಮುಂದೆ ಬರಲು ಒಪ್ಪಲಿಲ್ಲ, ಗುಂಡಿಗಳು ಹೊಟ್ಟೆಯ ಮುಂದೆ ಸೋಲೊಪ್ಪಿಕೊಂಡವು. ಉಳಿದಿದ್ದ ದೊಡ್ಡ ಕೋಟು ಗುಬ್ಬಿಯ ಪಾಲಿಗೆ ಬಂತು. ಅವಳು ಆಗಾಗ ಇವನ ಕಡೆ ನೋಡುತ್ತಿದ್ದಳು. ಪಾಪ, ನಗು ತಡೆಯಲಾಗುತ್ತಿಲ್ಲ ಎಂದುಕೊಂಡ ಅಳಿಯ ಇನ್ನಷ್ಟು ಎದೆಯುಬ್ಬಿಸಿ ನಿಂತ.

"ಅತ್ತೆ, ನನಗೊಂದು ಅರ್ಥ ಆಗ್ಲಿಲ್ಲ," ಎಂದ. "ಈ ನೀರು ಯಾಕೆ ಗುಳ್ಳೆ ಬಿಡ್ಬೇಕು?"

"ನೀರಲ್ಲ ಕಣೋ. ಉಂಗುರ."

"ಉಂಗುರಾನಾ? ಎಲ್ಲಿ?"

"ಕಣ್ಣಿಗೆ ಕಾಣಲ್ಲ. ಒಂದು ಉಂಗುರದ ಹಾಗೆ ಕೈಕೈ ಹಿಡ್ಕೊಂಡು ನಿಂತಿರೋ ಪರಮಾಣುಗಳು ಅಂದ್ಕೋ. ಎಲ್ಲರೂ ಇಂಗಾಲ. ಒಬ್ಬ ಮಾತ್ರ ಸಾರಜನಕ, ಅವನ ಪಕ್ಕದ ಮನೆಯವನು ಬೋರಾನ್. ಅಮೈನ್-ಬೋರೇನ್ ಅಂತ ಕರೀತಾರೆ. ಎರಡು ಮನೆಯಲ್ಲೂ ವಯಸ್ಸಿಗೆ ಬಂದ ಜಲಜನಕ ಇದೆ. ಈ ಮನೇದಕ್ಕೆ ಆ ಮನೇದರ ಮೇಲೆ ಕಣ್ಣು, ಆ ಮನೇದಕ್ಕೆ ಈ ಮನೇದರ ಮೇಲೆ. ಆದ್ರೆ ಹೊಸಿಲು ದಾಟೋ ಧೈರ್ಯ ಇಲ್ಲ."

"ದಲ್ಲಾಳಿ ಬೇಕು."

"ಅದೇ ಲೋಹ. ಸ್ವಲ್ಪ ಬಿಸಿ, ಚಿಟಿಕೆ ಲೋಹ. ಎರಡನ್ನೂ ಜೋಡಿ ಮಾಡಿ ಮನೆಯಿಂದ ಹೊರಗೆ ಕಳಿಸತ್ತೆ. ಅದೇ ನಿನ್ನ ಗುಳ್ಳೆ. ಮನೆ ಖಾಲಿಯಾದ ಮೇಲೆ ಉಂಗುರಗಳು ಮೂರು ಮೂರು ಸೇರ್ಕೊಂಡು ಒಟ್ಟಾಗಿ ಕೂತ್ಬಿಡ್ತವೆ."

"ಮದುವೆ ಮುಗಿಸಿದ ಬೀಗರು ಹರಟೆಗೆ ಕೂತ ಹಾಗೆ. ದಲ್ಲಾಳಿ ಏನಾದ?"

"ಅವನಿಗೇನಾಗತ್ತೆ? ಕರಗಲ್ಲ, ಸವೆಯಲ್ಲ. ಮುಂದಿನ ಮನೆ ಕದ ತಟ್ತಾನೆ. ಅದಕ್ಕೇ ಚಿಟಿಕೆ ಸಾಕು." ಅತ್ತೆ ಕನ್ನಡಕ ಮೂಗಿನ ತುದಿಗೆ ಇಳಿಸಿದರು. "ಅದಕ್ಕೇ ಅವನು ಎಲ್ಲಿ ಅಡಗಿದ್ದಾನೆ ಅಂತ ಹುಡುಕೋದೂ ಕಷ್ಟ."

ಅಪರೂಪದ ಲೋಹಗಳು ಈ ದಲ್ಲಾಳಿ ಕೆಲಸ ಚೆನ್ನಾಗಿ ಮಾಡುತ್ತವೆಂದು ಆ ಕಟ್ಟಡದ ಗೋಡೆಗಳಿಗೂ ಗೊತ್ತಿತ್ತು. ಗುಬ್ಬಿ ಹೇಳಿದ್ದು ಬೇರೆ. ಮೊಳೆ ಹೊಡೆಯುವ ಸಾದಾ ಕಬ್ಬಿಣದ ಉಪ್ಪೊಂದು, ಮುಖ ತೊಳೆಯುವ ನೀರಿನಷ್ಟು ಬಿಸಿಯಲ್ಲಿ, ಆ ಶ್ರೀಮಂತ ಲೋಹಗಳಷ್ಟೇ ಚುರುಕಾಗಿ ಜಲಜನಕ ಬಿಡಿಸುತ್ತದೆ ಎಂದಳು. ತಿಂಗಳುಗಟ್ಟಲೆ ಬಿಡಿಸಿತ್ತು ಕೂಡ. ಎಲ್ಲರೂ ನೋಡಿದ್ದರು. ಆದರೆ ಬೇರೆ ಪ್ರಯೋಗಾಲಯದವರು ಮಾಡಿದಾಗ ಬರಲಿಲ್ಲ. ಸಮಿತಿಯ ಮುಂದೆ ಅವಳೇ ಮಾಡಿದಾಗಲೂ ಬರಲಿಲ್ಲ. ಈಗ ಅತ್ತೆಯ ಮುಂದೆಯೂ ಇಲ್ಲ.

"ದ್ರವ ಅದೇನಾ?" ಅತ್ತೆ ಮತ್ತೆ ಶುರು ಮಾಡಿದರು.

"ಅದೇ ಬಾಟಲಿ ಮೇಡಂ."

"ಕಬ್ಬಿಣ?"

"ಅದೇ ಡಬ್ಬಿ."

"ಬಿಸಿ?"

"ಅಷ್ಟೇ."

"ಮೀನು?"

ಗುಬ್ಬಿ ಕಣ್ಣು ಮಿಟುಕಿಸಿದಳು. "ಮೀನು... ಮೀನೇ ಅಲ್ವಾ ಮೇಡಂ?"

ಅಳಿಯ ಬಗ್ಗಿ ನೋಡಿದ. ಬುರುಡೆಯ ತಳದಲ್ಲಿ ಬಿಳಿ ಗುಳಿಗೆಯಂಥದೊಂದು ಗರಗರ ತಿರುಗುತ್ತಿತ್ತು. ಒಳಗೆ ಆಯಸ್ಕಾಂತ, ಮೇಲೆ ನುಣುಪಾದ ಪ್ಲಾಸ್ಟಿಕ್ಕು. ಕೆಳಗಿನ ಬಿಸಿ ತಟ್ಟೆಯೊಳಗೆ ಇನ್ನೊಂದು ಆಯಸ್ಕಾಂತ ತಿರುಗಿದರೆ ಇದೂ ತಿರುಗಿ ದ್ರವವನ್ನು ಕಲಕುತ್ತದೆ. ಅದಕ್ಕೆ ಈ ಮಂದಿ ಇಟ್ಟ ಹೆಸರು ಮೀನು.

"ಇದು ಯಾರ ಮೀನು?" ಅತ್ತೆ ಕೇಳಿದರು.

"ಸಮಿತಿಯವರು ಕೊಟ್ಟ ಹೊಸದು. ನನ್ನ ಮೇಜೆಲ್ಲಾ ಮುಟ್ಟುಗೋಲು ಹಾಕ್ಕೊಂಡಿದ್ರಲ್ಲ, ವಾಪಸ್ ಬಂದು ನೋಡಿದ್ರೆ ಅಜ್ಜಿ ಇರ್ಲಿಲ್ಲ."

"ನಿಮ್ಮಜ್ಜೀನೂ ಇಲ್ಲೇ ಕೆಲಸ ಮಾಡ್ತಿದ್ರಾ?" ಎಂದ ಅಳಿಯ.

ಗುಬ್ಬಿಗೆ ಬಹಳ ದಿನಗಳ ಮೇಲೆ ನಗು ಬಂತು. "ಇಲ್ಲ ಅಣ್ಣ. ನನ್ನ ಮೀನಿನ ಹೆಸರು ಅಜ್ಜಿ. ಈ ಲ್ಯಾಬಲ್ಲಿ ಹೊಸ ಮೀನು ತಗೊಳ್ಳೋ ಪದ್ಧತೀನೇ ಇಲ್ಲ. ತೊಳೆದು, ಒಣಗಿಸಿ, ಮತ್ತೆ ಹಾಕೋದು. ಹಿರಿಯರು ಬೇರೆ ಕಡೆ ಹೋಗುವಾಗ, ಇಲ್ಲಾ ಬೇರೆ ಕೆಲಸಕ್ಕೆ ತಿರುಗಿದಾಗ, ತಮ್ಮ ಮೀನನ್ನ ಕಿರಿಯರ ಅಂಗೈ ಮೇಲಿಟ್ಟು 'ನಿನ್ನ ಬುರುಡೆ ತಣ್ಣಗಿರಲಿ' ಅಂತ ಹರಸ್ತಾರೆ. ನನ್ನದು ಎಲ್ಲಕ್ಕಿಂತ ಹಳೇದು. ಮೈಯೆಲ್ಲಾ ಗೀರು, ಬೂದಿ ಬಣ್ಣ. ಅದನ್ನ ಹಾಕಿದ್ರೆ ಯಾವ ಪ್ರಯೋಗಾನೂ ಕೆಡಲ್ಲ. ಅಜ್ಜಿ ಕೈಗುಣ ಅಂತಿದ್ವಿ."

"ಮೀನಿಗೆ ಕೈಯೇ ಇಲ್ಲ, ಕೈಗುಣ ಎಲ್ಲಿಂದ ಬಂತು?" ಎಂದ ಅಳಿಯ.

ಅತ್ತೆ ಮಾತ್ರ ನಗಲಿಲ್ಲ. ಅವರ ಹುಬ್ಬು ಮೇಲೇರಿತು. ಆ ಹುಬ್ಬು ಏರಿದರೆ ಯಾರದೋ ಬಂಡವಾಳ ಇಳಿಯುತ್ತದೆಂದು ಅಳಿಯನಿಗೆ ಅನುಭವದಿಂದ ಗೊತ್ತು.

"ಯಾವ ಪ್ರಯೋಗಾನೂ ಕೆಡಲ್ಲ," ಅತ್ತೆ ನಿಧಾನವಾಗಿ ಹೇಳಿದರು. "ಗೀರಿನ ಸಂದಿಯಲ್ಲಿ ಯಾವ ಕಾಲದ್ದೋ ಲೋಹದ ಕಣ ಕೂತಿದ್ರೆ ಯಾಕೆ ಕೆಡತ್ತೆ? ಎಷ್ಟು ತೊಳೆದ್ರೂ ಹೋಗಲ್ಲ ಅದು. ಮದುವೆ ಮಾಡ್ಸಿದ್ದು ಕಬ್ಬಿಣ ಅಂತ ನೀನು ಹೂಮಾಲೆ ಹಾಕ್ದೆ. ನಿಜವಾದ ದಲ್ಲಾಳಿ ಅಜ್ಜಿಯ ಸೆರಗಿನಲ್ಲಿ ಬಚ್ಚಿಟ್ಕೊಂಡಿದ್ದ."

ಗುಬ್ಬಿಯ ಮುಖದಲ್ಲಿ ಮೊದಲು ಬೆಳಕು ಬಂತು. ಮರುಕ್ಷಣ ಆರಿತು. "ಹಾಗಾದ್ರೆ ನನ್ನ ಸಂಶೋಧನೆ..."

"ಸಂಶೋಧನೆ ಹೋಯ್ತು. ಮಾನ ಉಳೀತು. ತಪ್ಪಿಗೂ ಮೋಸಕ್ಕೂ ಸಮಿತಿಗೆ ವ್ಯತ್ಯಾಸ ಗೊತ್ತಿರತ್ತೆ. ಆದ್ರೆ ಅಜ್ಜಿ ಸಿಗ್ಬೇಕು. ಅಜ್ಜಿ ಇಲ್ಲದೆ ನಾನು ಹೇಳೋದು ಅಜ್ಜಿಕಥೆ. ನಿನಗೆ ಕೊಟ್ಟದ್ದು ಯಾರು?"

"ಇಸ್ತ್ರಿ ಅಣ್ಣ. ಅವರಿಗೆ ಕೊಟ್ಟದ್ದು ನಮ್ಮ ಪ್ರೊಫೆಸರ್. ಅವರು ಹುಡುಗರಾಗಿದ್ದಾಗಿನ ಮೀನಂತೆ ಅದು."

ಇಸ್ತ್ರಿ ಅಣ್ಣ ಆ ಹೊತ್ತಿಗೇ ಒಳಗೆ ಬಂದ. ಹಿರಿಯ ಸಂಶೋಧಕ, ಪಕ್ಕದ ಮೇಜಿನವನು. ಆಮ್ಲ ಚೆಲ್ಲುವ, ಮಸಿ ಹಾರುವ ಆ ಕೋಣೆಯಲ್ಲಿ ಅವನ ಕೋಟಿನ ಮಡಿಕೆ ಮಾತ್ರ ಚಾಕುವಿನ ಅಲಗಿನ ಹಾಗೆ ನಿಂತಿರುತ್ತಿತ್ತು. ನಗೆಯೂ ಹಾಗೇ, ಮಡಿಸಿಟ್ಟದ್ದು.

"ನೀವು ಯಾವ ಲೋಹದಲ್ಲಿ ಕೆಲಸ ಮಾಡ್ತೀರಪ್ಪ?" ಅತ್ತೆ ಕೇಳಿದರು.

"ಪಲ್ಲಾಡಿಯಂ, ಮೇಡಂ. ಇದ್ದಿಲಿಗೆ ಹಚ್ಚಿ ಬಳಸ್ತೀನಿ."

"ನಮ್ಮ ತಾತನಿಗೂ ಇತ್ತು," ಎಂದ ಅಳಿಯ. "ಹಲ್ಲಾಡಿಯಂ. ಹಳಗನ್ನಡದಲ್ಲಿ ಹಲ್ಲಿಗೆ ಪಲ್ ಅಂತಾರಲ್ಲ, ಅದೇ ಕಾಯಿಲೆ ಇರ್ಬೇಕು."

ಇಸ್ತ್ರಿಯ ಮುಖದಲ್ಲಿ ಒಂದು ಮಡಿಕೆಯೂ ಅಲುಗಲಿಲ್ಲ. "ಅದು ಗೋಡೆ ಕಪಾಟಲ್ಲಿ ಬೀಗ ಹಾಕಿರ್ತೀನಿ. ಯಾರೂ ಮುಟ್ಟಲ್ಲ."

"ಬೀಗದ ಕೈ?"

"ಕಪಾಟಿನ ಪಕ್ಕದ ಮೊಳೇಲಿ."

"ಭದ್ರವಾಗಿದೆ," ಎಂದರು ಅತ್ತೆ. "ಅಜ್ಜಿ ಮೀನು ನೋಡಿದ್ರಾ?"

"ಇಲ್ಲ," ಎಂದ ಇಸ್ತ್ರಿ. ಬಹಳ ಬೇಗ ಎಂದ.

ಗುಬ್ಬಿಯ ಸಂಶೋಧನೆಯ ವಿಷಯ ಅವಳ ಕೈತಪ್ಪಿದರೆ ಅದು ಸೇರುವುದು ಇವನ ಬುಟ್ಟಿಗೇ. ಅತ್ತೆ ಅಳಿಯನತ್ತ ತಿರುಗಿ ಕಿವಿಯ ಲೋಲಾಕನ್ನು ಮುಟ್ಟಿಕೊಂಡರು. ಅದು ಅವರಿಬ್ಬರ ಗುಟ್ಟಿನ ಸನ್ನೆ. ಅರ್ಥ: ಯಾರಾದರೂ ಆಗು.

ಯಾರಾಗಬೇಕೆಂದು ಹೇಳಬೇಕಾಗಿರಲಿಲ್ಲ. ಪ್ರೊಫೆಸರ್ ಬೆಳಿಗ್ಗೆ ಒಮ್ಮೆ ಬಂದು ಹೋಗಿದ್ದರು. ಅವರು ಬರುವ ಮೊದಲು ಅವರ ದನಿ ಬಂದಿತ್ತು, ಹೋದ ಮೇಲೂ ಕಿಟಕಿಯ ಗಾಜು ಗುಂಯ್ಗುಡುತ್ತಿತ್ತು. ಲ್ಯಾಬಿನವರು ಅವರನ್ನು ಗುಡುಗು ಎನ್ನುತ್ತಿದ್ದರು. ಅವರು ನಕ್ಕದ್ದನ್ನು ಕಂಡವರಿರಲಿಲ್ಲ, ಗುಡುಗು ನಗುವುದುಂಟೇ?

ಅಳಿಯ "ಕೈ ತೊಳೆದು ಬರ್ತೀನಿ" ಎಂದು ಹೊರಬಿದ್ದ. ಕಾರಿಡಾರಿನ ತುದಿಯಲ್ಲಿ ಕಟ್ಟಡದೊಳಗಿನ ಫೋನಿತ್ತು. ಲ್ಯಾಬಿನ ನಂಬರು ಒತ್ತಿ, ಗಂಟಲಲ್ಲಿ ಎರಡು ಡಬ್ಬ ಕಲ್ಲು ಉರುಳಿಸಿಕೊಂಡ.

"ಹಲೋ," ಎಂದಿತು ಇಸ್ತ್ರಿಯ ದನಿ.

"ಏನ್ರೀ!" ಎಂದು ಗುಡುಗಿದ ಅಳಿಯ. "ಅಜ್ಜಿ ಎಲ್ರೀ?"

ಆ ಕಡೆಯಿಂದ ಪಿಸುಮಾತು: "ಸಾರ್... ನಿಮ್ಮ ಹತ್ರಾನೇ ಇದೆಯಲ್ಲಾ ಸಾರ್? ನೀವೇ ಕೇಳಿ ಇಸ್ಕೊಂಡ್ರಲ್ಲಾ? ಕರ್ಚೀಫಲ್ಲಿ ಸುತ್ತಿ ಜೇಬಿಗೆ ಹಾಕ್ಕೊಂಡ್ರಿ. ಯಾರಿಗೂ ಹೇಳ್ಬೇಡ ಅಂದಿದ್ರಿ, ನಾನು ಹೇಳಿಲ್ಲ ಸಾರ್, ಈ ಹೆಂಗಸು ಎಷ್ಟು ಕೆದಕಿದ್ರೂ ಹೇಳಿಲ್ಲ."

ಅಳಿಯನ ಕೈಯಲ್ಲಿ ಫೋನು ಜಾರುವುದರಲ್ಲಿತ್ತು. ಆದರೂ ಕಲಾವಿದ ಕಲಾವಿದನೇ. "ನನಗೆ ನೆನಪಿದೆ ರೀ! ನಿಮಗೆ ನೆನಪಿದೆಯಾ ಅಂತ ನೋಡ್ದೆ!" ಎಂದು ಗದರಿ ಫೋನಿಟ್ಟ.

ಅತ್ತೆ ಕಾರಿಡಾರಿಗೆ ಬಂದರು. ಅಳಿಯ ಎಲ್ಲವನ್ನೂ ಇಸ್ತ್ರಿಯ ದನಿಯಲ್ಲೇ ಒಪ್ಪಿಸಿದ. ಅತ್ತೆ ಕೇಳಿ, ಗೋಡೆಗೆ ಒರಗಿ ನಿಂತರು.

"ಗುಡುಗು ಯಾಕೆ ಬಚ್ಚಿಟ್ಟ?" ಎಂದ ಅಳಿಯ.

"ಯೋಚ್ನೆ ಮಾಡು. ಒಂದು ಮೀನು ಮೈಲಿಗೆ ಅಂತಾದ್ರೆ ಈ ಲ್ಯಾಬಿನ ಯಾವ ಮೀನು ಮಡಿ? ಹೊಸ ಮೀನು ತರಬೇಡಿ ಅನ್ನೋ ಪದ್ಧತಿ ಹಾಕಿದ್ದು ಯಾರು? ಅವರೇ. ಅವರು ಇಷ್ಟು ವರ್ಷ ಬರೆದದ್ದೆಲ್ಲಾ ಕಲಕಿದ್ದು ಇಂಥಾ ಮೀನುಗಳೇ."

"ಅಂದ್ರೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟು ತಾನು ಉಳ್ಕೊಳ್ಳೋ ಲೆಕ್ಕ."

"ಲೆಕ್ಕ ಅವರ ಬಾಯಿಂದಾನೇ ಬರ್ಲಿ." ಅತ್ತೆ ಕೈಚೀಲದಿಂದ ಪುಟ್ಟ ಪೊಟ್ಟಣ ತೆಗೆದರು. ಮರುಪರೀಕ್ಷೆಗೆಂದು ಬರುವಾಗಲೇ ಕೊಂಡು ತಂದಿದ್ದ, ಅಂಗಡಿಯ ಮುದ್ರೆ ಒಡೆಯದ ಹೊಸ ಮೀನು, ಹಾಲಿನಷ್ಟು ಬಿಳಿ. "ತಗೋ. ಈ ಹುಡುಗೀನ ಅಜ್ಜಿ ಮಾಡು."

"ಮದುವೆ ಮಾಡಿದ್ರೆ ತಾನಾಗೇ ಆಗ್ತಾಳೆ, ಸ್ವಲ್ಪ ತಡ ಆಗತ್ತೆ ಅಷ್ಟೆ."

"ಪೆನ್ಸಿಲ್ ಉಜ್ಜೋ, ತರಲೆ. ಗೀರು ಗೀರಾಗಿ."

ಪೆನ್ಸಿಲ್ ಎಲ್ಲಿತ್ತು? ಅಳಿಯ ಪ್ಯಾಂಟಿನ ಜೇಬು ತಡಕಿದ, ಶರ್ಟಿನ ಜೇಬು ತಡಕಿದ. ಕೊನೆಗೆ ಯಾರದೋ ಆ ಕೋಟಿನ ಜೇಬಿಗೆ ಕೈ ಹಾಕಿದ. ಒಂದು ಕೂದಲಿನ ಕ್ಲಿಪ್ಪು ಸಿಕ್ಕಿತು. ಅದರ ಕೆಳಗೆ ಬೆಳ್ಳಿ ಹಾಳೆಯಲ್ಲಿ ಸುತ್ತಿದ ಕಪ್ಪು ಕಡ್ಡಿಯ ತುಂಡುಗಳು, ಪೆನ್ಸಿಲಿನಿಂದ ಮುರಿದು ತೆಗೆದ ಸೀಸದ ಹಾಗೆ. ಹುಡುಕುವವನಿಗೆ ದೇವರು ಕೊಡುತ್ತಾನೆ. ಉಗುರಿನಿಂದ ಮೀನಿನ ಮೈಗೆ ಗೀರೆಳೆದು, ಕಡ್ಡಿ ತಿಕ್ಕಿ, ಹೆಬ್ಬೆರಳಿನಿಂದ ಒರೆಸಿದ. ಬೂದಿ ಬಣ್ಣದ ಮುದುಕಿಯೊಬ್ಬಳು ಅವನ ಅಂಗೈ ಮೇಲೆ ಮಲಗಿದ್ದಳು.

"ಮೇಕಪ್ಪು ಮುಗೀತು," ಎಂದ. "ಆದ್ರೆ ಅತ್ತೆ, ಈ ಸುಳ್ಳಜ್ಜಿ ಗುಳ್ಳೆ ಬಿಡಲ್ವಲ್ಲ?"

"ಬಿಡಬಾರದು. ಅದೇ ಬೇಕಾಗಿರೋದು."

ಅವರು ಒಳಗೆ ಹೋಗುವಷ್ಟರಲ್ಲಿ ಮೆಟ್ಟಿಲ ಮೇಲೆ ಗುಡುಗು ಕೇಳಿಸಿತು. ಅಸಲಿ.

"ಏನ್ರೀ ನಡೀತಿದೆ ಇಲ್ಲಿ? ಸಮಿತಿ ಬರೋ ಹೊತ್ತಾಯ್ತು!"

ದೊಡ್ಡ ಆಳು, ನರೆತ ಗಡ್ಡ, ಬಾಗಿಲಿಗೆ ಬಾಗಿಲಾಗಿ ನಿಂತರು. ಇಸ್ತ್ರಿ ಅವರ ಮುಖ ನೋಡಿ ಗುಟ್ಟಾಗಿ ತಲೆಯಾಡಿಸಿದ, ಫೋನಿನಲ್ಲಿ ಮಾತಾಡಿದ್ದಕ್ಕೆ ರಸೀತಿ ಕೊಟ್ಟಂತೆ. ಗುಡುಗಿಗೆ ತಲೆಬುಡ ಅರ್ಥವಾಗಲಿಲ್ಲ.

"ಒಳ್ಳೇ ಸಮಯಕ್ಕೆ ಬಂದ್ರಿ," ಎಂದರು ಅತ್ತೆ. ಇಕ್ಕಳದ ತುದಿಯಲ್ಲಿ ಹಿಡಿದ ಬೂದಿ ಬಣ್ಣದ ಮೀನನ್ನು ದೂರದಿಂದ ತೋರಿಸಿದರು. "ಅಜ್ಜಿ ಸಿಕ್ಕಿದ್ಲು."



"ಎಲ್ಲಿ?" ಎಂದಳು ಗುಬ್ಬಿ.

"ಎಲ್ಲಿ ಇರ್ಬೇಕೋ ಅಲ್ಲಿ. ಹೊಸ ಬುರುಡೆ ತಗೋ. ಅದೇ ದ್ರವ, ಅದೇ ಕಬ್ಬಿಣ. ಅಜ್ಜಿ ಇಳೀಲಿ. ಗುಳ್ಳೆ ಬಂದ್ರೆ ನೀನು ಮೋಸಗಾತಿ ಅಲ್ಲ ಅಂತ ಪ್ರೊಫೆಸರೇ ಸಾಕ್ಷಿ."

ಗುಬ್ಬಿ ಅಳೆದು ಸುರಿದಳು. ಮೀನು ಟಣ್ ಎಂದು ತಳಕ್ಕೆ ಬಿತ್ತು. ತಟ್ಟೆ ಬಿಸಿಯಾಗತೊಡಗಿತು. ಮೀನು ತಿರುಗಿತು. ಎಲ್ಲರ ಕಣ್ಣೂ ಸಿಲಿಂಡರಿನ ಮೇಲೆ. ಅತ್ತೆಯ ಕಣ್ಣು ಮಾತ್ರ ಗುಡುಗಿನ ಮುಖದ ಮೇಲೆ.

ಆ ಮುಖದಲ್ಲಿ ಭಯವಿರಲಿಲ್ಲ. ಒಂಥರಾ ಆಯಾಸವಿತ್ತು.

"ಬರಲ್ಲ," ಎಂದರು ಗುಡುಗು. ಆಶ್ಚರ್ಯ, ಮೆಲ್ಲಗೆ.

"ಇನ್ನೂ ಬಿಸಿಯಾಗ್ಲಿಲ್ಲ ಸಾರ್."

"ಬಿಸಿಯಾದ್ರೂ ಬರಲ್ಲ. ಅದು ಅಜ್ಜಿ ಅಲ್ಲ."

"ಓ," ಎಂದರು ಅತ್ತೆ. "ಅಷ್ಟು ದೂರದಿಂದ ಹೇಗೆ ಗೊತ್ತಾಯ್ತು? ಮೊಮ್ಮಕ್ಕಳಿಗೇ ಗುರುತು ಸಿಗ್ಲಿಲ್ಲ."

ಗುಡುಗಿನ ಬಲಗೈ ತಾನಾಗಿ ಪ್ಯಾಂಟಿನ ಜೇಬಿನತ್ತ ಹೋಯಿತು. ಅರ್ಧದಲ್ಲಿ ನಿಂತಿತು. ಕೈ ನಿಂತದ್ದನ್ನು ಎಲ್ಲರೂ ನೋಡಿದರು. ಅವರೂ ನೋಡಿಕೊಂಡರು.

ಆಮೇಲೆ ಅವರು ಕುರ್ಚಿ ಎಳೆದು ಕೂತು, ಜೇಬಿನಿಂದ ಮಡಿಸಿದ ಕರ್ಚೀಫು ತೆಗೆದು ಮೊಣಕಾಲ ಮೇಲೆ ಬಿಚ್ಚಿದರು. ಗೀರುಗಾಯಗಳ, ಬೂದಿ ಬಣ್ಣದ, ಒಂದು ತುದಿ ಸವೆದ ಅಸಲಿ ಅಜ್ಜಿ.

"ಸಾರ್!" ಎಂದಳು ಗುಬ್ಬಿ. ಆ ಒಂದು ಮಾತಿನಲ್ಲಿ ಹತ್ತು ಮಾತಿತ್ತು.

"ನಾನೇ ತಗೊಂಡೆ. ನಿಮಗೆ ಬಂದ ಅನುಮಾನ ನನಗೂ ಬಂತು. ನಿಮಗಿಂತ ಮುಂಚೇನೇ ಬಂತು." ಅವರು ಅತ್ತೆಯನ್ನು ನೋಡಿದರು. "ನಾನು ಹುಡುಗನಾಗಿದ್ದಾಗ ಇದರಲ್ಲಿ ಕಲಕದೇ ಇರೋ ಲೋಹ ಇಲ್ಲ. ಇದೇ ದಲ್ಲಾಳಿ ಅಂತ ಗೊತ್ತಾದ್ರೆ, ನಾನು ಇಲ್ಲೀವರೆಗೆ ಬರೆದ ಪ್ರತಿಯೊಂದು ಸಾಲನ್ನೂ ಜನ ಬೆರಳಲ್ಲಿ ಕೆರೆದು ನೋಡ್ತಾರೆ. ಅದಕ್ಕೇ ಮೊದಲು ನಾನೇ ನೋಡೋಣ ಅಂತ ಬಾಗಿಲು ಹಾಕ್ಕೊಂಡು ಪರೀಕ್ಷೆ ಮಾಡ್ದೆ. ಮತ್ತೆ ಮತ್ತೆ ಮಾಡ್ದೆ."

"ಮತ್ತೆ?"

"ಒಂದೇ ಒಂದು ಗುಳ್ಳೇನೂ ಬರ್ಲಿಲ್ಲ. ಈ ಮುದುಕಿ ಗಂಗಾಜಲದಷ್ಟು ಶುದ್ಧ."

ಅತ್ತೆಯ ಏರಿದ ಹುಬ್ಬು ಇಳಿಯಿತು. ಅಳಿಯ ಅದನ್ನು ಹಿಂದೆ ಎಂದೂ ನೋಡಿರಲಿಲ್ಲ.

"ಅಜ್ಜಿ ಗುಳ್ಳೆ ಬಿಟ್ಟಿದ್ರೆ ಈ ಹುಡುಗಿ ಉಳೀತಿದ್ಲು, ನಾನು ಮುಳುಗ್ತಿದ್ದೆ," ಎಂದರು ಗುಡುಗು. "ಬಿಡಲಿಲ್ಲ. ನಾನು ಉಳಿದೆ. ಖುಷಿಯಾಗ್ಬೇಕಿತ್ತು. ಆದ್ರೆ ಆವತ್ತಿಂದ ಅನ್ನ ಸೇರ್ತಿಲ್ಲ. ಯಾಕಂದ್ರೆ ಅಜ್ಜಿ ಅಲ್ಲ, ಕಬ್ಬಿಣಾನೂ ಅಲ್ಲ ಅಂದ್ರೆ ಉಳಿಯೋದು ಒಂದೇ ಉತ್ತರ. ಅದನ್ನ ಸಮಿತಿ ಮುಂದೆ ನನ್ನ ಬಾಯಿಂದ ಹೇಳೋ ಧೈರ್ಯ ಇರ್ಲಿಲ್ಲ. ಅದಕ್ಕೇ ಜೇಬಲ್ಲಿಟ್ಕೊಂಡು ಓಡಾಡ್ತಿದ್ದೆ."

ಗುಬ್ಬಿ ಮೇಜಿನ ಅಂಚು ಹಿಡಿದುಕೊಂಡಳು. ಆ ಒಂದೇ ಉತ್ತರ ಏನೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಯಾರೋ ಬೇಕೆಂದೇ ಬುರುಡೆಗೆ ಲೋಹ ಬೆರೆಸಿದ್ದರು.

"ಅದಿರ್ಲಿ," ಗುಡುಗು ತಲೆಯೆತ್ತಿದರು. "ಇದು ಅಜ್ಜಿ ಅಂದ್ರೆ ಅದರೊಳಗೆ ಈಜ್ತಿರೋದು ಯಾರು?"

"ಇವತ್ತು ಪೊಟ್ಟಣ ಒಡೆದ ಹೊಸ ಮೀನು," ಎಂದರು ಅತ್ತೆ, ಸಪ್ಪಗೆ. "ನಮ್ಮ ಅಳಿಯ ಪೆನ್ಸಿಲ್ ತಿಕ್ಕಿ ಮುದುಕಿ ಮಾಡಿದ. ನಿಮ್ಮ ಕೈ ಜೇಬಿಗೆ ಹೋಗತ್ತಾ ನೋಡೋಕೆ."

"ನನ್ನ ಮೇಲೆ ಅನುಮಾನ ಹೇಗೆ ಬಂತು?"

ಅಳಿಯನಿಗೆ ತಡೆಯಲಾಗಲಿಲ್ಲ. ಗಂಟಲಲ್ಲಿ ಕಲ್ಲುರುಳಿಸಿ, ಎದೆಯುಬ್ಬಿಸಿ, "ಏನ್ರೀ! ಅಜ್ಜಿ ಎಲ್ರೀ?" ಎಂದ.

ಇಸ್ತ್ರಿಯ ಮುಖದ ಮಡಿಕೆಗಳೆಲ್ಲ ಒಟ್ಟಿಗೆ ಕೆಟ್ಟವು. "ಅಯ್ಯೋ! ಫೋನಲ್ಲಿ... ಅದು ಇವನಾ?"

ಗುಡುಗು ಅಳಿಯನನ್ನು ನೋಡಿದರು. ಮೊಣಕೈಗೆ ನಿಂತ ತೋಳು, ಹೊಟ್ಟೆಯ ಮುಂದೆ ಬಿಟ್ಟುಕೊಟ್ಟ ಗುಂಡಿ, ಅದರ ಮೇಲೆ ತಮ್ಮದೇ ದನಿ. ಅವರ ಗಡ್ಡ ಅಲುಗಿತು. ಹೆಗಲು ಅಲುಗಿತು. ಮೊದಲು ಎಲ್ಲರೂ ಸಿಟ್ಟು ಎಂದುಕೊಂಡರು. ಆಮೇಲೆ ಆ ಕೋಣೆಯಲ್ಲಿ ಯಾರೂ ಎಂದೂ ಕೇಳದ ಸದ್ದೊಂದು ಹೊರಟಿತು.

ಗುಡುಗು ನಗುತ್ತಿದ್ದರು.

"ಇನ್ನೊಂದ್ಸಲ ಹೇಳ್ರೀ! ನಾನು ನಿಜವಾಗ್ಲೂ ಹಾಗೇನಾ?" ಎಂದು ಕಣ್ಣೊರೆಸಿಕೊಂಡರು. ಅಜ್ಜಿಯನ್ನು ಸುತ್ತಿದ್ದ ಕರ್ಚೀಫಿನಲ್ಲೇ ಒರೆಸಿಕೊಂಡರು. ಇಸ್ತ್ರಿಗೂ ನಗು ಹತ್ತಿತು. ಅತ್ತೆಯ ತುಟಿಯೂ ಬಿರಿಯಿತು.

ಬ್ಲುಕ್.

ಸದ್ದು ಸಣ್ಣದು. ಅಳಿಯನ ಕಿವಿ ಸದ್ದಿನ ಕಸುಬಿನದು. ಮೊದಲು ಕೇಳಿದ್ದು ಅವನಿಗೇ.

ಬ್ಲುಕ್. ಬ್ಲುಕ್, ಬ್ಲುಕ್.

ಸಿಲಿಂಡರಿನಲ್ಲಿ ಗುಳ್ಳೆಗಳು ಸಾಲು ಕಟ್ಟಿ ಏರುತ್ತಿದ್ದವು. ನೀರು ಇಳಿಯುತ್ತಿತ್ತು. ಹೊಸ ಮೀನು, ಮುದ್ರೆ ಒಡೆದು ಒಂದು ಗಂಟೆಯೂ ಆಗದ ಸುಳ್ಳಜ್ಜಿ, ಬುರುಡೆಯ ತಳದಲ್ಲಿ ಗರಗರ ತಿರುಗುತ್ತಾ ಮದುವೆಯ ಮೇಲೆ ಮದುವೆ ಮಾಡಿಸುತ್ತಿತ್ತು.

"ಇದೂ ನಿಮ್ಮ ತಮಾಷೇನಾ?" ಗುಡುಗು ಹೊಟ್ಟೆ ಹಿಡಿದುಕೊಂಡರು. "ಅಸಲಿ ಅಜ್ಜಿ ಬಂಜೆ, ನಕಲಿ ಅಜ್ಜಿ ಹೆರ್ತಿದ್ದಾಳೆ!"

ಅತ್ತೆ ನಗುತ್ತಿರಲಿಲ್ಲ. "ಇದು ತಮಾಷೆ ಅಲ್ಲ," ಎಂದರು. "ಈ ಬುರುಡೆಯಲ್ಲಿ ಲೋಹ ಇದೆ. ಇಸ್ತ್ರಿ, ಆ ಕಪಾಟು ತೆಗೀರಿ. ಈಗಲೇ."

ಇಸ್ತ್ರಿ ಮೊಳೆಯ ಮೇಲಿನ ಬೀಗದ ಕೈ ತೆಗೆದು ಗೋಡೆ ಕಪಾಟು ತೆರೆದ. ಜಾಡಿಯೊಂದನ್ನು ಬೆಳಕಿಗೆ ಹಿಡಿದ. "ಇದೇ ಮೇಡಂ ನನ್ನ ಪಲ್ಲಾಡಿಯಂ. ಎಲ್ಲಾ ಸರಿಯಾಗೇ..."

ಮುಂದಿನದು ಅಳಿಯನಿಗೆ ಕೇಳಿಸಲಿಲ್ಲ. ಅವನು ಜಾಡಿ ನೋಡುತ್ತಿದ್ದ. ಪುಡಿ ಇರುತ್ತದೆ ಎಂದುಕೊಂಡಿದ್ದ, ಇರಲಿಲ್ಲ. ಜಾಡಿಯ ತುಂಬ ಕಪ್ಪು ಕಡ್ಡಿಯ ತುಂಡುಗಳು. ಪೆನ್ಸಿಲಿನಿಂದ ಮುರಿದು ತೆಗೆದ ಸೀಸದ ಹಾಗೆ.

ಅವನ ಕೈ ಕೋಟಿನ ಜೇಬಿನೊಳಗೆ ಜಾರಿತು. ಬೆಳ್ಳಿ ಹಾಳೆ ಬೆರಳಿಗೆ ತಾಗಿತು. ಅದರ ಪಕ್ಕದಲ್ಲಿ ಕ್ಲಿಪ್ಪು.

ಕೂದಲಿನ ಕ್ಲಿಪ್ಪು.

ಮೊಣಕೈಗೆ ನಿಂತ ತೋಳನ್ನು ಅವನು ಮೊದಲ ಸಲ ನೋಡುವವನಂತೆ ನೋಡಿದ. ಇಷ್ಟು ಪುಟ್ಟ ಮೈ ಈ ಕೋಣೆಯಲ್ಲಿ ಇನ್ನಾರದು? ತನ್ನ ಜೇಬಿಗೆ ತಾನೇ ಹಾಕಿಕೊಂಡಿದ್ದಳೋ, ಅವಳನ್ನು ಮುಗಿಸಲು ಬೇರೆ ಯಾರೋ ತುರುಕಿದ್ದರೋ?

ತಲೆಯೆತ್ತಿದ. ಎಲ್ಲರೂ ಗುಳ್ಳೆ ನೋಡುತ್ತಿದ್ದರು, ಜಾಡಿ ನೋಡುತ್ತಿದ್ದರು. ಗುಬ್ಬಿ ಎರಡನ್ನೂ ನೋಡುತ್ತಿರಲಿಲ್ಲ. ಬೆಳಗಿನಿಂದ ನೋಡುತ್ತಿದ್ದುದನ್ನೇ ಈಗಲೂ ನೋಡುತ್ತಿದ್ದಳು. ಅವಳು ಒಮ್ಮೆಯೂ ನಕ್ಕಿರಲಿಲ್ಲ ಈ ಕೋಟಿಗೆ.

ಅವಳು ಮೆಲ್ಲಗೆ ಪಕ್ಕಕ್ಕೆ ಸರಿದು ಬಂದಳು.

"ಅಣ್ಣ," ಎಂದಳು, ತುಟಿಯಷ್ಟೇ ಅಲುಗಿತು. "ಅದು ನನ್ನ ಕೋಟು. ಮೇಡಂ ಈ ಕಡೆ ತಿರುಗೋದರೊಳಗೆ ಬಿಚ್ಚಿ ಕೊಟ್ಬಿಡಿ."

ಆ ಮಾತು ಬೇರೆ ಯಾರ ಕಿವಿಗೂ ಬೀಳಲಿಲ್ಲ. ಕಿಟಕಿಯ ಗಾಜು ಗುಂಯ್ಗುಡುವಂತೆ, ಕುರ್ಚಿಯ ಕಾಲು ಕಿರುಗುಟ್ಟುವಂತೆ ಗುಡುಗು ನಗುತ್ತಲೇ ಇದ್ದರು. ಬೇಸ್ತು ಬಿದ್ದವರೂ ಅವರೇ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರೂ ಅವರೇ.